ಪಕ್ಷ ಬಿಟ್ಟು ಮತ ಹಾಕಿದರೆ ಸಾಕೇ? ಸೆನೆಟರ್ ಮತವನ್ನು ತೂಗುವ ಬಗೆ

ಪ್ರಶ್ನೆ: ನಾನು ಶಿವಮೊಗ್ಗದವನು. ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಅಮೆರಿಕದ ಪೌರತ್ವ ಸಿಕ್ಕಿದೆ, ಮತ ಹಾಕುತ್ತಿದ್ದೇನೆ. 2020ರಲ್ಲಿ ಟ್ರಂಪ್ ವಾಗ್ದಂಡನೆ ವಿಚಾರಣೆ ನಡೆದಾಗ ರಿಪಬ್ಲಿಕನ್ ಸೆನೆಟರ್ ಮಿಟ್ ರಾಮ್ನಿ ತಮ್ಮದೇ ಪಕ್ಷದ ಅಧ್ಯಕ್ಷರನ್ನು ತಪ್ಪಿತಸ್ಥ ಎಂದರಲ್ಲ, ಅದರ ಬಗ್ಗೆ ನನಗೂ ನನ್ನ ತಮ್ಮನಿಗೂ ಇನ್ನೂ ವಾದ ಮುಗಿದಿಲ್ಲ. ನಾನು ಅದನ್ನು ಧೈರ್ಯ ಅನ್ನುತ್ತೇನೆ. ಹಳೇ ಸಿಟ್ಟು ತೀರಿಸಿಕೊಂಡರು ಅಂತ ಅವನು ಹೇಳುತ್ತಾನೆ. ಸೆನೆಟರ್ ಒಬ್ಬರು ಇಂಥ ವಿಚಾರಣೆಯಲ್ಲಿ ಹಾಕಿದ ಮತ ಸರಿಯೋ ತಪ್ಪೋ ಅಂತ ತೀರ್ಮಾನಿಸುವುದು ಹೇಗೆ? ಪಕ್ಷದ ವಿರುದ್ಧ ಹೋದರೆ ಅಷ್ಟೇ ಸಾಕಾ?

ಉತ್ತರ: ಸಾಲದು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನವರು ಜಾರಿ ಬೀಳುವುದು ಅಲ್ಲೇ.

ನೀವಿಬ್ಬರೂ ವಾದ ಮಾಡುತ್ತಿರುವುದು ರಾಮ್ನಿ ಮನಸ್ಸಿನಲ್ಲಿ ಏನಿತ್ತು ಅನ್ನುವುದರ ಬಗ್ಗೆ. ಅದು ನಿಮಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಕಾಣುವುದು ಅವರು ಕೊಟ್ಟ ಕಾರಣ. ಆ ಕಾರಣವನ್ನು ಅವರು ವಿಚಾರಣೆಯ ಮೊದಲ ದಿನದಿಂದ ಕೊನೆಯವರೆಗೆ ಬಿಡದೆ ಹಿಡಿದರಾ? ಅಧ್ಯಕ್ಷರ ಕುರ್ಚಿಯಲ್ಲಿ ಎದುರು ಪಕ್ಷದವರು ಇದ್ದಿದ್ದರೂ ಅದೇ ಕಾರಣ ಹೇಳುತ್ತಿದ್ದರಾ? ನಾನು ನೋಡುವುದು ಇಷ್ಟು. ಮತದ ಫಲಿತಾಂಶ ನನಗೆ ಇಷ್ಟವಾಯಿತಾ ಅನ್ನುವುದನ್ನು ಆಮೇಲೆ ನೋಡುತ್ತೇನೆ.

ವಿಧಾನವನ್ನು ಚುಟುಕಾಗಿ ಹೇಳುತ್ತೇನೆ. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿಗಳ ಸಭೆ ಸರಳ ಬಹುಮತದಿಂದ ಆರೋಪ ಹೊರಿಸುತ್ತದೆ, ಅದೇ ವಾಗ್ದಂಡನೆ. ಮೇಲ್ಮನೆಯಾದ ಸೆನೆಟ್ ವಿಚಾರಣೆ ನಡೆಸುತ್ತದೆ. ಹಾಜರಿರುವ ಸೆನೆಟರ್‌ಗಳಲ್ಲಿ ಮೂರನೇ ಎರಡು ಭಾಗದಷ್ಟು ಜನ ತಪ್ಪಿತಸ್ಥ ಅಂದರೆ ಮಾತ್ರ ಶಿಕ್ಷೆ. ಅಧ್ಯಕ್ಷರ ಮೇಲೆ ಇಂಥ ವಿಚಾರಣೆ ನಡೆದಿರುವುದು ನಾಲ್ಕೇ ಸಲ: 1868ರಲ್ಲಿ ಆಂಡ್ರ್ಯೂ ಜಾನ್ಸನ್, 1999ರಲ್ಲಿ ಬಿಲ್ ಕ್ಲಿಂಟನ್, 2020 ಮತ್ತು 2021ರಲ್ಲಿ ಡೊನಾಲ್ಡ್ ಟ್ರಂಪ್. ನಾಲ್ಕರಲ್ಲೂ ಖುಲಾಸೆಯೇ.

ವಿಚಾರಣೆ ಶುರುವಾಗುವ ಮುಂಚೆ ಪ್ರತಿ ಸೆನೆಟರ್ ಬೇರೆಯದೇ ಒಂದು ಪ್ರಮಾಣ ಮಾಡಬೇಕು. ಸಂವಿಧಾನ ಮತ್ತು ಕಾನೂನಿಗೆ ತಕ್ಕಂತೆ ಪಕ್ಷಪಾತವಿಲ್ಲದೆ ನ್ಯಾಯ ಮಾಡುತ್ತೇನೆ ಅನ್ನುವ ಪ್ರಮಾಣ ಅದು. ಮಸೂದೆಗೆ ಮತ ಹಾಕುವಾಗ ಇದು ಇಲ್ಲ. ಅಂದರೆ ಆ ಕೆಲವು ದಿನ ಅವರು ಬರೀ ರಾಜಕಾರಣಿ ಅಲ್ಲ. ಹಾಗಂತ ಕೋರ್ಟಿನ ಜ್ಯೂರಿ ಕೂಡ ಅಲ್ಲ. 1999ರ ಜನವರಿಯಲ್ಲಿ ಆರೋಪ ಮಂಡಿಸುತ್ತಿದ್ದವರು ಸೆನೆಟರ್‌ಗಳನ್ನು ಪದೇ ಪದೇ ಜ್ಯೂರಿ ಎಂದು ಕರೆದಾಗ ಅಯೋವಾದ ಟಾಮ್ ಹಾರ್ಕಿನ್ ಎದ್ದು ಆಕ್ಷೇಪ ಎತ್ತಿದರು. ಪೀಠದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಅದನ್ನು ಒಪ್ಪಿದರು. ಸೆನೆಟ್ ಸುಮ್ನೆ ಒಂದು ಜ್ಯೂರಿ ಅಲ್ಲ, ಅದೊಂದು ನ್ಯಾಯಾಲಯ ಅಂದರು. ಇದು ಚಿಕ್ಕ ವಿಷಯವಲ್ಲ. ಜ್ಯೂರಿ ನೋಡುವುದು ನಡೆದದ್ದೇನು ಅನ್ನುವುದನ್ನು. ಸೆನೆಟರ್ ಅದರ ಜೊತೆಗೆ ಕಾನೂನನ್ನೂ ತಾವೇ ಅರ್ಥ ಮಾಡಿಕೊಳ್ಳಬೇಕು. ಎಷ್ಟು ಸಾಕ್ಷ್ಯ ಇದ್ದರೆ ಸಾಕು ಅನ್ನುವುದನ್ನೂ ಅವರೇ ನಿರ್ಧರಿಸಬೇಕು. ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು ಅನ್ನುವ ನಿಯಮ ಮಾಡಿ ಅಂತ 1986ರಲ್ಲಿ ಒಬ್ಬ ನ್ಯಾಯಾಧೀಶರ ವಿಚಾರಣೆಯಲ್ಲಿ ಕೇಳಿದಾಗ ಸೆನೆಟ್ ಒಪ್ಪಲಿಲ್ಲ.

ಹಾಗಾಗಿ ಒಂದು ಮತದೊಳಗೆ ನಾಲ್ಕು ಪ್ರಶ್ನೆಗಳು ಕೂತಿರುತ್ತವೆ. ಆರೋಪಿಸಿದ್ದು ನಿಜವಾಗಿ ನಡೆಯಿತಾ? ನಡೆದಿದ್ದರೆ ಅದು ಅಧ್ಯಕ್ಷರನ್ನು ಕೆಳಗಿಳಿಸುವಷ್ಟು ದೊಡ್ಡ ತಪ್ಪಾ? ಇದನ್ನು ವಿಚಾರಿಸುವ ಅಧಿಕಾರ ಸೆನೆಟ್‌ಗೆ ಇದೆಯಾ? ಇಳಿಸುವುದರಿಂದ ದೇಶಕ್ಕೆ ಒಳ್ಳೆಯದಾಗುತ್ತಾ? ಇಷ್ಟಕ್ಕೂ ಸೆನೆಟರ್ ತಮ್ಮ ಮೇಜಿನ ಬಳಿ ಎದ್ದು ನಿಂತು ಹೇಳಬಹುದಾದದ್ದು ಎರಡರಲ್ಲಿ ಒಂದು: ತಪ್ಪಿತಸ್ಥ, ಇಲ್ಲವೇ ತಪ್ಪಿತಸ್ಥ ಅಲ್ಲ. ಪೆನ್ಸಿಲ್ವೇನಿಯಾದ ಅರ್ಲೆನ್ ಸ್ಪೆಕ್ಟರ್ 1999ರಲ್ಲಿ ಸ್ಕಾಟ್ಲೆಂಡಿನ ಕಾನೂನನ್ನು ನೆನೆದು ‘ಸಾಬೀತಾಗಿಲ್ಲ’ ಅನ್ನಲು ನೋಡಿದರು. ದಾಖಲಾದದ್ದು ‘ತಪ್ಪಿತಸ್ಥ ಅಲ್ಲ’ ಅಂತಲೇ. ಇಬ್ಬರು ಒಂದೇ ಉತ್ತರ ಕೊಟ್ಟರು ಅಂದಾಕ್ಷಣ ಇಬ್ಬರೂ ಒಂದೇ ಮಾತು ಹೇಳಿದರು ಅಂದುಕೊಳ್ಳಬಾರದು.

ಈಗ ಧೈರ್ಯದ ವಿಷಯಕ್ಕೆ ಬರೋಣ. ಧೈರ್ಯ ಅಂದಕೂಡಲೇ ಎಲ್ಲರೂ ಹೇಳುವ ಹೆಸರು ಜಾನ್ಸನ್ ವಿಚಾರಣೆಯಲ್ಲಿ ಮತ ಹಾಕಿದ ಕಾನ್ಸಾಸ್‌ನ ಸೆನೆಟರ್ ಎಡ್ಮಂಡ್ ರಾಸ್. ಜಾನ್ ಎಫ್. ಕೆನಡಿ ತಮ್ಮ ಪುಸ್ತಕದಲ್ಲಿ ಅವರನ್ನು ವೀರನಂತೆ ಚಿತ್ರಿಸಿದ ಮೇಲಂತೂ ಅದು ಗಟ್ಟಿಯಾಗಿ ಕೂತುಬಿಟ್ಟಿದೆ. ಆ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ.

ಲಿಂಕನ್ ಹತ್ಯೆಯಾದ ಮೇಲೆ ಉಪಾಧ್ಯಕ್ಷರಾಗಿದ್ದ ಜಾನ್ಸನ್ ಅಧ್ಯಕ್ಷರಾದರು. ಗುಲಾಮಗಿರಿಯಿಂದ ಆಗತಾನೆ ಬಿಡುಗಡೆಯಾದ ಕಪ್ಪು ಜನರಿಗೆ ಹಕ್ಕು ಕೊಡುವ ಕಾನೂನುಗಳಿಗೆ ಅವರು ಅಡ್ಡ ನಿಂತರು. 1866ರ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕದೆ ವಾಪಸ್ ಕಳಿಸಿದರು. ಅವರಿಗೆ ಪೌರತ್ವ, ಸಮಾನ ರಕ್ಷಣೆ ಕೊಡುವ ಸಂವಿಧಾನದ 14ನೇ ತಿದ್ದುಪಡಿಯನ್ನೂ ವಿರೋಧಿಸಿದರು. ದಕ್ಷಿಣದ ರಾಜ್ಯಗಳಲ್ಲಿ ಆ ಜನರ ಮೇಲೆ ಹಲ್ಲೆ, ಕೊಲೆ ನಡೆಯುತ್ತಿದ್ದ ಕಾಲ ಅದು. ಸಂಸತ್ತಿನ ನಿಜವಾದ ಸಿಟ್ಟು ಇದರ ಮೇಲೆ. ಆದರೆ ಆರೋಪಪಟ್ಟಿಯಲ್ಲಿದ್ದದ್ದು ಬಹುಮಟ್ಟಿಗೆ ಬೇರೆಯೇ. ಸೆನೆಟ್ ಒಪ್ಪಿಗೆಯಿಲ್ಲದೆ ಕೆಲವು ಅಧಿಕಾರಿಗಳನ್ನು ತೆಗೆಯಬಾರದು ಎಂದು 1867ರಲ್ಲಿ ಒಂದು ಕಾಯ್ದೆ ಮಾಡಿದ್ದರು. 1868ರ ಫೆಬ್ರವರಿ 21ರಂದು ಜಾನ್ಸನ್ ಯುದ್ಧ ಮಂತ್ರಿ ಎಡ್ವಿನ್ ಸ್ಟ್ಯಾಂಟನ್ ಅವರನ್ನು ತೆಗೆದುಹಾಕಿದರು. ಸ್ಟ್ಯಾಂಟನ್ ಕಚೇರಿ ಬಿಟ್ಟು ಕದಲಲಿಲ್ಲ, ತೀರ್ಪು ಬರುವವರೆಗೂ ಅಲ್ಲೇ ಠಿಕಾಣಿ ಹೂಡಿದರು. ಮೂರೇ ದಿನಕ್ಕೆ, ಫೆಬ್ರವರಿ 24ರಂದು, ಪ್ರತಿನಿಧಿಗಳ ಸಭೆ 126–47 ಮತಗಳಿಂದ ಆರೋಪ ಹೊರಿಸಿತು. ಆಮೇಲೆ ಪಟ್ಟಿ 11 ಆರೋಪಗಳಷ್ಟಾಯಿತು.

ಇಲ್ಲೊಂದು ತೊಡಕಿತ್ತು. ಮಂತ್ರಿಗೆ ಆ ಕಾಯ್ದೆಯ ರಕ್ಷಣೆ ಇದ್ದದ್ದು ಅವರನ್ನು ನೇಮಿಸಿದ ಅಧ್ಯಕ್ಷರ ಅವಧಿಯಲ್ಲಿ. ಸ್ಟ್ಯಾಂಟನ್ ಅವರನ್ನು ನೇಮಿಸಿದ್ದು ಲಿಂಕನ್. ಹಾಗಾದರೆ ಜಾನ್ಸನ್ ಕಾಲದಲ್ಲಿ ಸ್ಟ್ಯಾಂಟನ್‌ಗೆ ಆ ರಕ್ಷಣೆ ಇತ್ತಾ? ಪ್ರಾಮಾಣಿಕವಾಗಿ ಅನುಮಾನ ಪಡಲು ಜಾಗ ಇತ್ತು.

ಮೇ 16ರಂದು 11ನೇ ಆರೋಪದ ಮೇಲೆ ಮತ. ಅಂದು ಸೆನೆಟ್‌ನಲ್ಲಿದ್ದವರು 54 ಜನ, ಬೇಕಿದ್ದದ್ದು 36. ಬಿದ್ದದ್ದು 35–19. ಒಂದೇ ಮತ ಕಡಿಮೆ. ರಿಪಬ್ಲಿಕನ್ ಪಕ್ಷದ ಏಳು ಜನ ತಮ್ಮ ಪಕ್ಷ ಬಿಟ್ಟು ‘ತಪ್ಪಿತಸ್ಥ ಅಲ್ಲ’ ಅಂದಿದ್ದರು. ಅವರಲ್ಲಿ ಅಯೋವಾದ ಜೇಮ್ಸ್ ಗ್ರೈಮ್ಸ್‌ಗೆ ಕೆಲವೇ ದಿನದ ಹಿಂದೆ ಲಕ್ವ ಹೊಡೆದಿತ್ತು, ಅವರನ್ನು ಎತ್ತಿಕೊಂಡು ಬಂದರು. ಕೂತೇ ಹೇಳಬಹುದು ಅಂತ ಮುಖ್ಯ ನ್ಯಾಯಮೂರ್ತಿ ಚೇಸ್ ಹೇಳಿದರೂ ಅವರು ಎದ್ದು ನಿಂತು ಉತ್ತರಿಸಿದರು. ಕಡೆಯವರೆಗೂ ಬಾಯಿ ಬಿಡದೆ ಇದ್ದವರು ರಾಸ್. ಹೆಸರು ಕರೆದ ಆ ಗಳಿಗೆಯಲ್ಲಿ ತನ್ನದೇ ತೆರೆದ ಸಮಾಧಿಯೊಳಗೆ ಇಣುಕಿದಂತಾಯಿತು ಎಂದು ಅವರು ಮುಂದೆ ಬರೆದುಕೊಂಡರು. ಹತ್ತು ದಿನದ ನಂತರ ಇನ್ನೆರಡು ಆರೋಪಗಳ ಮೇಲೆ ಮತ ನಡೆದಾಗಲೂ ಅದೇ 35–19. 1871ರಲ್ಲಿ ಅವಧಿ ಮುಗಿದ ಮೇಲೆ ಕಾನ್ಸಾಸ್ ಅವರನ್ನು ಮತ್ತೆ ಸೆನೆಟ್‌ಗೆ ಕಳಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ವೀರಗಾಥೆ. ಮುಂದಿನದೂ ಇದೆ. ಮತ ಹಾಕಿದ ಕೆಲವೇ ವಾರಗಳಲ್ಲಿ ರಾಸ್ ಜಾನ್ಸನ್‌ಗೆ ಪತ್ರ ಬರೆದು ತಮ್ಮ ಕಡೆಯವರಿಗೆ ಸರ್ಕಾರಿ ಹುದ್ದೆ ಕೇಳಿದರು, ಕೆಲವರಿಗೆ ಸಿಕ್ಕಿತು ಕೂಡ. ಲಂಚದ ಗುಮಾನಿಯಿಂದ, ಜಾನ್ಸನ್ ವಿರುದ್ಧ ಆರೋಪ ಮಂಡಿಸಿದವರಲ್ಲೊಬ್ಬರಾದ ಬೆಂಜಮಿನ್ ಬಟ್ಲರ್ ತನಿಖೆ ನಡೆಸಿದರು, ಸಾಬೀತು ಮಾಡಲು ಆಗಲಿಲ್ಲ. ಜಾನ್ಸನ್ ಅವರನ್ನು ಉಳಿಸಿದ ಆ ಒಂದು ಮತ ರಾಸ್ ಅವರದ್ದೇ ಅನ್ನುವುದನ್ನೂ ಎಲ್ಲ ಇತಿಹಾಸಕಾರರು ಒಪ್ಪುವುದಿಲ್ಲ. ಅಗತ್ಯ ಬಿದ್ದಿದ್ದರೆ ಜಾನ್ಸನ್ ಪರ ನಿಲ್ಲಲು ಬೇರೆಯವರೂ ತಯಾರಿದ್ದರು ಅನ್ನುತ್ತಾರೆ.

ಹಾಗಾದರೆ ರಾಸ್ ಮತ ತಪ್ಪೇ? ಅಲ್ಲ. ನನ್ನ ಮಾತಿಷ್ಟೇ: ಬೆಲೆ ತೆತ್ತರು ಅನ್ನುವುದರಿಂದ ಮತ ಸರಿಯಾಗುವುದಿಲ್ಲ, ಆಮೇಲೆ ಹುದ್ದೆ ಕೇಳಿದರು ಅನ್ನುವುದರಿಂದ ತಪ್ಪೂ ಆಗುವುದಿಲ್ಲ. ನನಗೆ ರಾಸ್‌ಗಿಂತ ದೊಡ್ಡವರಾಗಿ ಕಾಣುವುದು ಅದೇ ಏಳು ಜನರಲ್ಲಿದ್ದ ಇಲಿನಾಯ್‌ನ ಲೈಮನ್ ಟ್ರಂಬಲ್. ಜಾನ್ಸನ್ ತಡೆದ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಬರೆದವರೇ ಟ್ರಂಬಲ್. ಜಾನ್ಸನ್ ಮೇಲೆ ಸಿಟ್ಟಾಗಲು ಅವರಿಗಿಂತ ಹೆಚ್ಚಿನ ಕಾರಣ ಯಾವ ಸೆನೆಟರ್‌ಗಿತ್ತು? ಆದರೂ ಖುಲಾಸೆಗೆ ಮತ ಹಾಕಿದರು. ಕಾರಣವನ್ನು ಉದ್ದಕ್ಕೆ ಬರೆದು ದಾಖಲೆಗೆ ಸೇರಿಸಿದರು. ಸಂಸತ್ತಿನ ಬಹುಮತಕ್ಕೆ ಇಷ್ಟವಿಲ್ಲದ ನಿಲುವು ತಳೆದರು ಅನ್ನುವುದಕ್ಕೆ ಅಧ್ಯಕ್ಷರನ್ನು ಇಳಿಸುವ ದಾರಿ ಒಮ್ಮೆ ತೆರೆದರೆ ಮುಂದೆ ಯಾವ ಅಧ್ಯಕ್ಷರಿಗೂ ಉಳಿಗಾಲವಿಲ್ಲ ಅನ್ನುವುದು ಅವರ ವಾದ. ಒಪ್ಪಬಹುದು, ಬಿಡಬಹುದು. ಬಿಡುಗಡೆಯಾದ ಆ ಜನರು ಮುಂದೆ ಅನುಭವಿಸಿದ್ದನ್ನು ನೋಡಿದರೆ, ಖುಲಾಸೆಯ ಭಾರ ಬಿದ್ದದ್ದು ಅವರ ಹೆಗಲ ಮೇಲೆ ಅಂತ ನನಗೂ ಅನ್ನಿಸುತ್ತದೆ. ಅದನ್ನು ಮರೆತು ಟ್ರಂಬಲ್ ಅವರನ್ನು ಹೊಗಳಲು ನನಗೆ ಆಗುವುದಿಲ್ಲ. ಆದರೆ ಅವರ ಕಾರಣವನ್ನು ಹಿಡಿದು ಪರೀಕ್ಷೆ ಮಾಡಬಹುದು. ಯಾವ ಪಕ್ಷದ ಅಧ್ಯಕ್ಷರಿಗೆ ಹಚ್ಚಿದರೂ ಅದು ಅಷ್ಟೇ ನಿಲ್ಲುತ್ತದೆ. ಅಂದಹಾಗೆ, 1867ರ ಆ ಕಾಯ್ದೆ 1887ರಲ್ಲಿ ರದ್ದಾಯಿತು. ಅದು ಸಂವಿಧಾನಕ್ಕೆ ವಿರುದ್ಧವೇ ಆಗಿತ್ತು ಅಂತ ಸುಪ್ರೀಂ ಕೋರ್ಟ್ 1926ರಲ್ಲಿ ಹೇಳಿತು.

ಸ್ವಂತ ಲಾಭದ ಮಾತು ಬಂದಾಗ ಎದುರು ಕಡೆಯನ್ನೂ ನೋಡಬೇಕು, ಅಲ್ವಾ? 1868ರಲ್ಲಿ ಉಪಾಧ್ಯಕ್ಷರೇ ಇರಲಿಲ್ಲ. ಜಾನ್ಸನ್ ಇಳಿದಿದ್ದರೆ ಅಧ್ಯಕ್ಷರಾಗುತ್ತಿದ್ದವರು ಸೆನೆಟ್‌ನ ಹಂಗಾಮಿ ಸಭಾಪತಿ ಬೆಂಜಮಿನ್ ವೇಡ್. ಅವರು ‘ತಪ್ಪಿತಸ್ಥ’ ಎಂದು ಮತ ಹಾಕಿದರು. ಜಾನ್ಸನ್ ಅಳಿಯ ಡೇವಿಡ್ ಪ್ಯಾಟರ್ಸನ್ ಟೆನೆಸ್ಸಿಯ ಸೆನೆಟರ್. ಅವರು ಮಾವನ ಪರ ಮತ ಹಾಕಿದರು. ಇಬ್ಬರೂ ಹಿಂದೆ ಸರಿಯಲಿಲ್ಲ. 2020ರಲ್ಲೂ ಅಷ್ಟೇ. ವಾರನ್, ಸ್ಯಾಂಡರ್ಸ್, ಕ್ಲೋಬುಚಾರ್, ಬೆನೆಟ್ ಈ ನಾಲ್ವರು ಸೆನೆಟರ್‌ಗಳೂ ಟ್ರಂಪ್ ಎದುರು ನಿಲ್ಲಲು ಡೆಮಾಕ್ರಾಟಿಕ್ ಟಿಕೆಟ್ ಬಯಸುತ್ತಿದ್ದವರು, ಜೊತೆಗೆ ಅವರ ಮೇಲೆ ತೀರ್ಪು ಕೊಡುವವರೂ ಆಗಿದ್ದರು. ರಿಪಬ್ಲಿಕನ್ ಸೆನೆಟರ್‌ಗಳಾದ ಮಿಚ್ ಮೆಕಾನಲ್ ಮತ್ತು ಲಿಂಡ್ಸೆ ಗ್ರಹಾಂ ವಿಚಾರಣೆಗೂ ಮುಂಚೆಯೇ ತಾವು ನಿಷ್ಪಕ್ಷಪಾತಿಗಳಲ್ಲ ಅಂತ ಬಹಿರಂಗವಾಗಿ ಹೇಳಿ, ಆಮೇಲೆ ನಿಷ್ಪಕ್ಷಪಾತದ ಪ್ರಮಾಣ ಮಾಡಿದರು. ಇದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಪ್ರಮಾಣಕ್ಕೆ ಬೆಲೆ ಇಲ್ಲ ಅಂದಮೇಲೆ ವಿಚಾರಣೆಗೆ ಎಲ್ಲಿಂದ ಬೆಲೆ ಬರಬೇಕು?

ಈಗ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಹೇಳುತ್ತೇನೆ. ಕೊನೆಯ ಮತಕ್ಕಿಂತ ನಡುವಿನ ಮತಗಳನ್ನು ನೋಡಿ. ಪ್ರಕರಣವನ್ನು ಅರ್ಧಕ್ಕೇ ಮುಚ್ಚಬೇಕಾ, ಸಾಕ್ಷಿಗಳನ್ನು ಕರೆಸಬೇಕಾ ಅನ್ನುವ ಮತಗಳು. ಟಿವಿಯಲ್ಲಿ ಅವು ಜಾಸ್ತಿ ಸದ್ದು ಮಾಡುವುದಿಲ್ಲ. ಆದರೆ ನ್ಯಾಯ ಕೇಳಲು ಕೂತವರು ಯಾರು, ಮೊದಲೇ ತೀರ್ಮಾನ ಮಾಡಿಕೊಂಡು ಬಂದವರು ಯಾರು ಅನ್ನುವುದು ತಿಳಿಯುವುದು ಅಲ್ಲಿ.

ವಿಸ್ಕಾನ್ಸಿನ್‌ನ ಡೆಮಾಕ್ರಾಟ್ ರಸ್ ಫೈನ್‌ಗೋಲ್ಡ್ ಅವರನ್ನು ನೋಡಿ. 1999ರ ಜನವರಿ 27ರಂದು ಕ್ಲಿಂಟನ್ ಪ್ರಕರಣ ವಜಾ ಮಾಡಿ ಅನ್ನುವ ಸೂಚನೆ ಬಂತು. 44–56ರಲ್ಲಿ ಬಿದ್ದುಹೋಯಿತು. ಅವತ್ತೇ ಸಾಕ್ಷಿಗಳಿಗೆ ಸಮನ್ಸ್ ಕಳಿಸಬೇಕು ಅನ್ನುವುದು 56–44ರಲ್ಲಿ ಪಾಸಾಯಿತು. ರಿಪಬ್ಲಿಕನ್ನರು 55 ಜನ. ಎರಡೂ ಸಲ 56ನೆಯವರು ಫೈನ್‌ಗೋಲ್ಡ್. ತಮ್ಮದೇ ಪಕ್ಷದ ಅಧ್ಯಕ್ಷರ ಮೇಲಿನ ಪ್ರಕರಣವನ್ನು ಪೂರ್ತಿ ಕೇಳೋಣ ಅಂದ ಒಬ್ಬನೇ ಡೆಮಾಕ್ರಾಟ್. ಕೇಳಿ ಮುಗಿಸಿ ಫೆಬ್ರವರಿ 12ರಂದು ಎರಡೂ ಆರೋಪಕ್ಕೆ ‘ತಪ್ಪಿತಸ್ಥ ಅಲ್ಲ’ ಅಂದರು. ಕೊನೆಯ ಪಟ್ಟಿಯನ್ನಷ್ಟೇ ನೋಡಿದರೆ ಅವರೂ ಉಳಿದ 44 ಡೆಮಾಕ್ರಾಟರೂ ಒಂದೇ. ನನ್ನ ಲೆಕ್ಕದಲ್ಲಿ ಒಂದೇ ಅಲ್ಲ. ನಿಮ್ಮ ‘ಪಕ್ಷದ ವಿರುದ್ಧ ಹೋದರೆ ಸಾಕಾ’ ಅನ್ನುವ ಅಳತೆಗೆ ಅವರು ಸಿಗುವುದೇ ಇಲ್ಲ, ಆದರೂ ಆ ವಿಚಾರಣೆಯಲ್ಲಿ ನಾನು ಹೆಚ್ಚು ಗೌರವಿಸುವ ಮತ ಅವರದ್ದು.

ಇದಕ್ಕೆ ತಿರುಗುಮುರುಗಾದವರನ್ನು ಎರಡೂ ಪಕ್ಷದಲ್ಲಿ ಕಾಣಬಹುದು. ಗ್ರಹಾಂ 1999ರಲ್ಲಿ ಪ್ರತಿನಿಧಿಗಳ ಸಭೆಯಲ್ಲಿದ್ದರು, ಕ್ಲಿಂಟನ್ ವಿರುದ್ಧ ಆರೋಪ ಮಂಡಿಸಿದವರಲ್ಲಿ ಒಬ್ಬರು. ಆಗ ಸಾಕ್ಷಿಗಳು ಬೇಕೇ ಬೇಕು ಅನ್ನುವ ತಂಡದಲ್ಲಿದ್ದರು. 2020ರಲ್ಲಿ ಬೇಡ ಅಂದರು. ಡೆಮಾಕ್ರಾಟ್ ಚಕ್ ಶುಮರ್ 1999ರಲ್ಲಿ ಸಾಕ್ಷಿ ಬೇಡ ಅಂದವರ ಜೊತೆಗಿದ್ದರು, 2020ರಲ್ಲಿ ಸಾಕ್ಷಿ ಇಲ್ಲದೆ ನ್ಯಾಯವೇ ಇಲ್ಲ ಅಂದರು. ಎರಡು ಪ್ರಕರಣಗಳು ಬೇರೆ ಬೇರೆ, ನಿಜ. ಕ್ಲಿಂಟನ್ ಪ್ರಕರಣದಲ್ಲಿ ಆಗಲೇ ಬೇಕಾದಷ್ಟು ಹೇಳಿಕೆಗಳು ದಾಖಲಾಗಿದ್ದವು ಅನ್ನುವ ಉತ್ತರವೂ ಇದೆ. ಆದರೆ ನಿಲುವು ಬದಲಿಸಿದವರು ಆ ವ್ಯತ್ಯಾಸವನ್ನು ತಾವೇ ಮುಂದೆ ಬಂದು ವಿವರಿಸಬೇಕು. ಜನ ಕೇಳಿದ ಮೇಲೆ ಹುಡುಕಿದ ಕಾರಣಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ.

ಅಧಿಕಾರ ಇದೆಯಾ ಇಲ್ಲವಾ ಅನ್ನುವ ಪ್ರಶ್ನೆ 2021ರಲ್ಲಿ ಮುಖ್ಯವಾಯಿತು. ಪ್ರತಿನಿಧಿಗಳ ಸಭೆ ಜನವರಿ 13ರಂದು 232–197ರಲ್ಲಿ ಆರೋಪ ಹೊರಿಸಿದಾಗ ಟ್ರಂಪ್ ಇನ್ನೂ ಅಧ್ಯಕ್ಷರು. ಸೆನೆಟ್ ವಿಚಾರಣೆ ಹೊತ್ತಿಗೆ ಮಾಜಿ. ಮಾಜಿಯನ್ನು ವಿಚಾರಿಸಬಹುದಾ? 1876ರಲ್ಲೇ ಈ ಪ್ರಶ್ನೆ ಬಂದಿತ್ತು. ಆರೋಪ ಬರುವ ಮುಂಚೆಯೇ ರಾಜೀನಾಮೆ ಬಿಸಾಕಿದ ಯುದ್ಧ ಮಂತ್ರಿ ವಿಲಿಯಂ ಬೆಲ್ನ್ಯಾಪ್ ಅವರನ್ನು ವಿಚಾರಿಸಬಹುದು ಅಂತ ಸೆನೆಟ್ 37–29ರಲ್ಲಿ ತೀರ್ಮಾನಿಸಿತು. ಆದರೆ ಕೊನೆಯ ಮತದಲ್ಲಿ ಖುಲಾಸೆಗೆ ಹೋದವರಲ್ಲಿ ಹೆಚ್ಚಿನವರು ‘ನಮಗೆ ಅಧಿಕಾರವೇ ಇಲ್ಲ’ ಅನ್ನುವ ಕಾರಣ ಕೊಟ್ಟರು. ಬೆಲ್ನ್ಯಾಪ್ ಪಾರಾದರು.

2021ರಲ್ಲಿ ಮೆಕಾನಲ್ ಹಿಡಿದದ್ದು ಇದೇ ದಾರಿ. ‘ತಪ್ಪಿತಸ್ಥ ಅಲ್ಲ’ ಎಂದು ಮತ ಹಾಕಿ, ಸ್ವಲ್ಪ ಹೊತ್ತಿಗೆ ಎದ್ದು ಸಂಸತ್ ಭವನದ ಮೇಲಿನ ಜನವರಿ 6ರ ದಾಳಿಗೆ ಟ್ರಂಪ್ ನೈತಿಕವಾಗಿಯೂ ವಾಸ್ತವವಾಗಿಯೂ ಹೊಣೆ ಎಂದರು. ವಾದಕ್ಕೆ ಹಳೆಯ ಬೆಂಬಲ ಇದೆ, ಇಲ್ಲ ಅನ್ನಲಾರೆ. ನನ್ನ ತಕರಾರು ಬೇರೆ. ಆರೋಪ ಹೊರಿಸಿದಾಗ ಸೆನೆಟ್‌ನ ಬಹುಮತದ ನಾಯಕ ಅವರೇ. ಜನವರಿ 19ಕ್ಕಿಂತ ಮುಂಚೆ ಸದನವನ್ನು ತುರ್ತಾಗಿ ಕರೆಯಲು ಅವರು ಒಪ್ಪಲಿಲ್ಲ. ತಡವಾಗಲು ತಮ್ಮ ಪಾಲೂ ಇರುವಾಗ ‘ತಡವಾಯಿತು, ಅಧಿಕಾರವಿಲ್ಲ’ ಅಂದರೆ ಆ ಕಾರಣದ ತೂಕ ಕಡಿಮೆಯಾಗುತ್ತದೆ.

ಅದೇ ವಿಚಾರಣೆಯಲ್ಲಿ ನಾರ್ತ್ ಕ್ಯಾರೊಲಿನಾದ ರಿಪಬ್ಲಿಕನ್ ರಿಚರ್ಡ್ ಬರ್ ಇನ್ನೊಂದು ದಾರಿ ಹಿಡಿದರು. ಮಾಜಿಯನ್ನು ವಿಚಾರಿಸುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಫೆಬ್ರವರಿ 9ರಂದು ಮತ ಹಾಕಿದರು. ಸೋತರು, 56–44. ಸದನ ತೀರ್ಮಾನಿಸಿದ ಮೇಲೆ ಅದನ್ನು ಒಪ್ಪಿ ಸಾಕ್ಷ್ಯ ಕೇಳಿದರು. ಫೆಬ್ರವರಿ 13ರಂದು ‘ತಪ್ಪಿತಸ್ಥ’ ಅಂದರು. ಒಟ್ಟು 57–43, ಬೇಕಿದ್ದದ್ದು 67. ಅವರ ರಾಜ್ಯದ ಪಕ್ಷ ಘಟಕ ಖಂಡನಾ ನಿರ್ಣಯ ಮಾಡಿತು. ಅವರು ಮತ್ತೆ ಸ್ಪರ್ಧಿಸುವುದಿಲ್ಲ ಅಂತ ಆಗಲೇ ಹೇಳಿದ್ದರಿಂದ ಕಳೆದುಕೊಳ್ಳಲು ಏನಿತ್ತು ಅಂತ ಕೆಲವರು ಕೇಳುತ್ತಾರೆ. ಇರಲಿ. ಎರಡು ಪ್ರಶ್ನೆಗಳನ್ನು ಕಲಸದೆ ಬೇರೆ ಬೇರೆ ಉತ್ತರಿಸಿದ್ದು ನನಗೆ ಮುಖ್ಯ. ನ್ಯಾಯಾಲಯವಾಗಿ ಕೂತವರು ಹಾಗೆ ನಡೆದುಕೊಳ್ಳಬೇಕು.

ದೇಶದ ಒಳಿತು ನೋಡಿ ಮತ ಹಾಕಿದೆ ಅನ್ನುವವರೂ ಇದ್ದಾರೆ. ಕ್ಲಿಂಟನ್ ಮಾಡಿದ್ದು ಇಳಿಸುವಷ್ಟು ದೊಡ್ಡ ತಪ್ಪೇ ಅಂತ ಹೇಳಿಯೂ ಡೆಮಾಕ್ರಾಟ್ ರಾಬರ್ಟ್ ಬರ್ಡ್ ಖುಲಾಸೆಗೆ ಮತ ಹಾಕಿದರು. 2020ರಲ್ಲಿ ರಿಪಬ್ಲಿಕನ್ ಲಾಮರ್ ಅಲೆಕ್ಸಾಂಡರ್, ಆರೋಪ ಸಾಬೀತಾಗಿದೆ, ಆದರೆ ಇದು ಇಳಿಸುವಷ್ಟಲ್ಲ, ಚುನಾವಣೆಯಲ್ಲಿ ಜನರೇ ತೀರ್ಮಾನಿಸಲಿ ಅಂದರು. ಇದು ಸಲ್ಲದ ಕಾರಣ ಅಂತ ನಾನು ಹೇಳುವುದಿಲ್ಲ. ಬಚ್ಚಿಡದೆ ಹೇಳಿದರಲ್ಲ, ಅಷ್ಟರ ಮಟ್ಟಿಗೆ ಮೆಚ್ಚುತ್ತೇನೆ. ಆದರೆ ಸಾಬೀತಾಗಿದೆ ಅಂದಮೇಲೆ ಯಾಕೆ ಇಳಿಸಬಾರದು ಅನ್ನುವುದನ್ನು ಸಮರ್ಥಿಸುವ ಹೊರೆ ಅವರದ್ದೇ.

ಊರಿನಿಂದ ಹೋದವರಿಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ವಿಪ್ ಮೀರಿ ಮತ ಹಾಕಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸದಸ್ಯತ್ವವೇ ಹೋಗಬಹುದು. ಆ ಕಣ್ಣಿನಿಂದ ನೋಡಿದಾಗ ಪಕ್ಷ ಮೀರಿದ ಪ್ರತಿ ಮತವೂ ದೊಡ್ಡ ಬಂಡಾಯದಂತೆ ಕಾಣುತ್ತದೆ. ಸೆನೆಟ್‌ನಲ್ಲೂ ವಿಪ್ ಅನ್ನುವ ಹುದ್ದೆ ಇದೆ, ಆದರೆ ಮೀರಿದರೆ ಸ್ಥಾನ ಹೋಗುವುದಿಲ್ಲ. ಅವಧಿ ಆರು ವರ್ಷ. ಬೆಲೆ ತೆರಬೇಕಾಗುವುದು ಮುಂದಿನ ಚುನಾವಣೆಯಲ್ಲಿ, ಅದೂ ಸ್ಪರ್ಧಿಸಿದರೆ. ಪಕ್ಷದ ಜೊತೆ ನಿಂತೂ ಬೆಲೆ ತೆತ್ತವರಿದ್ದಾರೆ. ಅಲಬಾಮಾದ ಡೆಮಾಕ್ರಾಟ್ ಡಗ್ ಜೋನ್ಸ್ 2020ರಲ್ಲಿ ಎರಡೂ ಆರೋಪಕ್ಕೆ ‘ತಪ್ಪಿತಸ್ಥ’ ಅಂದರು. ಅವರ ರಾಜ್ಯದಲ್ಲಿ ಟ್ರಂಪ್‌ಗೆ ಭಾರಿ ಬೆಂಬಲ. ನವೆಂಬರಿನಲ್ಲಿ ಸೋತರು.

ಈಗ ನಿಮ್ಮ ರಾಮ್ನಿ. ಅವರಿಗೂ ಟ್ರಂಪ್‌ಗೂ 2016ರಿಂದಲೇ ಆಗಿಬರುತ್ತಿರಲಿಲ್ಲ, ನಿಮ್ಮ ತಮ್ಮ ಹೇಳುವುದು ಸುಳ್ಳಲ್ಲ. ಆದರೆ ದಾಖಲೆ ನೋಡಿ. 2020ರ ಜನವರಿ 31ರಂದು ಸಾಕ್ಷಿಗಳನ್ನು ಕರೆಸುವ ಸೂಚನೆ 49–51ರಲ್ಲಿ ಬಿದ್ದಾಗ ಅದರ ಪರ ಮತ ಹಾಕಿದ ರಿಪಬ್ಲಿಕನ್ನರು ಇಬ್ಬರೇ, ರಾಮ್ನಿ ಮತ್ತು ಸೂಸನ್ ಕಾಲಿನ್ಸ್. ಫೆಬ್ರವರಿ 5ರಂದು ಅಧಿಕಾರ ದುರ್ಬಳಕೆಯ ಆರೋಪಕ್ಕೆ ರಾಮ್ನಿ ‘ತಪ್ಪಿತಸ್ಥ’ ಅಂದರು, ಅದು 48–52. ತಮ್ಮದೇ ಪಕ್ಷದ ಅಧ್ಯಕ್ಷರ ವಿರುದ್ಧ ಹಾಗೆ ಮತ ಹಾಕಿದ ಮೊದಲ ಸೆನೆಟರ್ ಅವರು. ಜನ ನೆನಪಿಟ್ಟುಕೊಂಡದ್ದು ಇದನ್ನು ಮಾತ್ರ. ಎರಡನೇ ಆರೋಪ, ಸಂಸತ್ತಿನ ತನಿಖೆಗೆ ಅಡ್ಡಿ ಮಾಡಿದ್ದು. ಅದಕ್ಕೆ ರಾಮ್ನಿ ‘ತಪ್ಪಿತಸ್ಥ ಅಲ್ಲ’ ಅಂದರು. ಪ್ರತಿನಿಧಿಗಳ ಸಭೆ ತನ್ನ ಸಮನ್ಸ್ ಜಾರಿ ಮಾಡಿಸಲು ಕೋರ್ಟಿನ ದಾರಿಯನ್ನು ಪೂರ್ತಿ ಬಳಸಲಿಲ್ಲ ಅನ್ನುವುದು ಅವರ ಕಾರಣ.

ಸಿಟ್ಟು ತೀರಿಸಿಕೊಳ್ಳಲು ಬಂದವರು ಎರಡಕ್ಕೂ ‘ತಪ್ಪಿತಸ್ಥ’ ಅನ್ನುತ್ತಿದ್ದರು. ತಡೆಯುವವರು ಯಾರೂ ಇರಲಿಲ್ಲ, ಹೆಚ್ಚಿನ ನಷ್ಟವೂ ಇರಲಿಲ್ಲ. ಹಾಗೆ ಮಾಡದೆ ಒಂದೊಂದು ಆರೋಪವನ್ನೂ ಬೇರೆ ಬೇರೆ ತೂಗಿದರು. ಹಾಗಾಗಿ ಅವರ ಮತವನ್ನು ನಾನು ಒಪ್ಪುತ್ತೇನೆ, ನೀವು ಕೊಟ್ಟ ಕಾರಣಕ್ಕಲ್ಲ. ತಮ್ಮನ ಜೊತೆ ಮುಂದಿನ ಸಲ ಕೂತಾಗ ಆ ಎರಡನೇ ಮತದಿಂದ ಮಾತು ಶುರು ಮಾಡಿ. ನಿಮ್ಮ ರಾಜ್ಯದ ಆಗಿನ ಸೆನೆಟರ್‌ಗಳು ಜನವರಿ 31ರಂದು ಮತ್ತು ಫೆಬ್ರವರಿ 5ರಂದು ಹೇಗೆ ಮತ ಹಾಕಿದರು, ಏನು ಕಾರಣ ಕೊಟ್ಟರು ಅನ್ನುವುದೂ ಸೆನೆಟ್ ದಾಖಲೆಯಲ್ಲಿ ಎಲ್ಲರಿಗೂ ಸಿಗುತ್ತದೆ. ಅವರಲ್ಲಿ ಯಾರದಾದರೂ ಹೆಸರು ಮತಪತ್ರದಲ್ಲಿ ಮತ್ತೆ ಬರುವುದಾದರೆ, ಅದಕ್ಕೂ ಮುಂಚೆ ಅದನ್ನೊಮ್ಮೆ ಓದಿಕೊಳ್ಳಿ.